ಬಿಟ್ಟುಕೊಡಬೇಡ

ಫೆಬ್ರವರಿ 4
ಬೆಟ್ಟದ ಮೇಲಿನ ಹವಾಮಾನ ಕೇಂದ್ರ

ಪ್ರೀತಿಯ ಅತ್ತಿಗೆಗೆ,

ಕಾಗದದ ಅಂಚಿನಲ್ಲಿರುವ ಕಪ್ಪು ಬೆರಳಚ್ಚು ನನ್ನದೇ, ಗಾಬರಿಯಾಗಬೇಡಿ. ಜನರೇಟರಿನ ಎಣ್ಣೆ. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಉಗುರುಸಂದಿಯಲ್ಲಿ ಉಳಿದೇ ಉಳಿಯುತ್ತದೆ. ಇಲ್ಲಿ ಎರಡು ಜನರೇಟರುಗಳಿವೆ. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಮುನಿಸಿಕೊಳ್ಳುತ್ತದೆ. ಮುನಿಸಿಕೊಂಡದ್ದನ್ನು ರಮಿಸುವುದೇ ನನ್ನ ಉದ್ಯೋಗ. ಗಾಳಿ, ಮಳೆ, ಚಳಿ ಅಳೆಯುವ ಪಂಡಿತರು ಮೇಲಿನ ಕೋಣೆಯಲ್ಲಿ ಕೂತಿರುತ್ತಾರೆ. ಕರೆಂಟು ಹೋದಾಗ ಮಾತ್ರ ಅವರಿಗೆ ನನ್ನ ನೆನಪು.

ಇಂಟರ್ನೆಟ್ಟಿನ ಸುದ್ದಿ ಎತ್ತಬೇಡಿ. ಇರುವ ಚೂರುಪಾರು ಸಂಪರ್ಕ ಅವರ ಅಳತೆಗಳನ್ನು ಕೆಳಗೆ ಕಳಿಸುವುದಕ್ಕೇ ಸಾಲದು. ಹಾಗಾಗಿ ನನಗೆ ಆಟವೂ ಇಲ್ಲ, ನಿಮ್ಮಿಬ್ಬರ ಕಿರುಚಾಟವೂ ಇಲ್ಲ. ಸಾಮಾನಿನ ಲಾರಿ ಹತ್ತಿ ಬಂದಾಗ ಕಾಗದ ಬರುತ್ತದೆ, ಲಾರಿ ಇಳಿದಾಗ ಕಾಗದ ಹೋಗುತ್ತದೆ. ತೀರಾ ತುರ್ತಿದ್ದರೆ ರೇಡಿಯೋದಲ್ಲಿ ಒಂದೆರಡು ಮಾತು ಹೇಳಬಹುದು, ಕೆಳಗಿನ ಕಚೇರಿಯವರು ನಿಮಗೆ ಫೋನ್ ಮಾಡಿ ಓದಿ ಹೇಳುತ್ತಾರೆ. ಆದರೆ ರೇಡಿಯೋ ಇರುವುದು ಊಟದ ಕೋಣೆಯಲ್ಲಿ. ನಾನು ಬಾಯಿ ತೆರೆದರೆ ಅಡುಗೆಯವರಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರ ಕಿವಿ ನೆಟ್ಟಗಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ತಂಡ ಹೇಗಿದೆ? ನಾಯಕಿಯೇ ಇಲ್ಲದ ತಂಡ! ಕಂಪ್ಯೂಟರಿನಲ್ಲಿ ದೀಪ ಹೊತ್ತು ಕೋಟೆ ದಾಟಿಸುವುದು ಮೂವರ ಆಟ. ಒಬ್ಬರು ದೀಪ ಹೊರಬೇಕು, ಒಬ್ಬರು ಕಾಯಬೇಕು, ಒಬ್ಬರು ಎದುರಿನವರ ಮೇಲೆ ಕೆಸರುಂಡೆ ಎಸೆಯಬೇಕು. ನನ್ನ ಬದಲಿಗೆ ಯಾರನ್ನಾದರೂ ಸೇರಿಸಿಕೊಳ್ಳಿ ಅಂದರೆ ಅಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ. "ನಿನ್ನ ಜಾಗ ನಿಂದೇ. ಖಾಲಿ ಇರ್ಲಿ ಬಿಡು" ಅಂದುಬಿಟ್ಟ. ಮೂವರ ಎದುರು ಇಬ್ಬರು ಹೇಗೆ ಆಡುತ್ತೀರೋ! ಅದರಲ್ಲೂ ನಮ್ಮಣ್ಣ ಎಸೆದ ಕೆಸರುಂಡೆ ಇವತ್ತಿನವರೆಗೆ ಗೋಡೆಗೆ ಬಿದ್ದದ್ದೇ ಹೊರತು ಮನುಷ್ಯರಿಗೆ ಬಿದ್ದದ್ದಿಲ್ಲ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಅಲ್ಲವೇ, ಆಟದಲ್ಲೂ ತಿರುವು ಬಂದರೆ ನಿಂತು, ಆಚೆ ಈಚೆ ನೋಡಿ, ಆಮೇಲೆ ಮುಂದೆ ಹೋಗುವುದು. ಆಟದಲ್ಲಿ ನನಗೆ 'ಕಿಡಿ', ಹಲ್ಲು ಕಟ್ಟುವ ನಿಮಗೆ 'ದವಡೆ', ಅವನಿಗೆ 'ನಿಧಾನ' ಎಂದು ನಾನು ಹೆಸರಿಟ್ಟದ್ದು ಸುಮ್ಮನೇನಲ್ಲ.

ಇನ್ನೊಂದು ಮಾತು. ಇನ್ನೂ ಒಂದು ವರ್ಷ ಇಲ್ಲೇ ಇರುತ್ತೀಯಾ ಎಂದು ಮುಖ್ಯಸ್ಥರು ಕೇಳುತ್ತಿದ್ದಾರೆ. ಏಪ್ರಿಲ್ ಮುಗಿಯುವುದರೊಳಗೆ ಹೇಳಬೇಕಂತೆ. ಅಣ್ಣನಿಗೆ ತಿಳಿಸಿ: ನಮ್ಮ ತಂಡ ಈ ಸಲದ ಪಂದ್ಯಾವಳಿ ಗೆದ್ದು ಮೇಲಿನ ದರ್ಜೆಗೆ ಹತ್ತಿದರೆ ಗಂಟುಮೂಟೆ ಕಟ್ಟಿಕೊಂಡು ಓಡಿ ಬರುತ್ತೇನೆ. ಇಲ್ಲದಿದ್ದರೆ ಈ ಮುನಿಸಿನ ಜನರೇಟರೇ ನನಗೆ ಗತಿ!

ನಿಮ್ಮ ನಾದಿನಿ,
ಕಿಡಿ


ಫೆಬ್ರವರಿ 20
ಮನೆ

ಕಿಡಿ,

ನಿನ್ನ ಕಾಗದವನ್ನು ಲ್ಯಾಬಿಗೆ ತೆಗೆದುಕೊಂಡು ಹೋಗಿ ಓದಿದ್ದು ತಪ್ಪಾಯಿತು. ಯಾರದೋ ಮೇಲ್ದವಡೆಯ ಕಟ್ಟುಹಲ್ಲಿನ ಸೆಟ್‌ಗೆ ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದೆ. ಗೋಡೆಗೆ ಬಿದ್ದ ಕೆಸರುಂಡೆಯ ಮಾತು ಓದಿ ನಕ್ಕ ರಭಸಕ್ಕೆ ಮುಂದಿನ ಹಲ್ಲೊಂದು ಓರೆಯಾಯಿತು. ಹಾಗೇ ಕಳಿಸಿದ್ದರೆ ಆ ಯಜಮಾನರು ಯಾರೋ, ಸಾವಿನ ಮನೆಗೆ ಹೋದರೂ ನಗುಮುಖದಲ್ಲೇ ಇರಬೇಕಾಗುತ್ತಿತ್ತು.

ನಗುವಿನ ಮಾತು ಇರಲಿ. ನಿಂತಿದ್ದರೆ ಕೂತುಕೋ. ನಾವು ಗೆಲ್ಲುತ್ತಿದ್ದೇವೆ.

ಒಂದಲ್ಲ, ಸಾಲುಸಾಲಾಗಿ. ಇಬ್ಬರೇ ಆಡಿ! ನಾನು ದೀಪ ಹೊತ್ತು ಓಡುತ್ತೇನೆ, ನಿಮ್ಮಣ್ಣ ಉಂಡೆ ಎಸೆಯುತ್ತಾರೆ. ಗೋಡೆಯ ತಿರುವಿನಲ್ಲಿ ಉಂಡೆ ಎತ್ತಿ ಹಿಡಿದು ನಿಂತುಕೊಳ್ಳುತ್ತಾರೆ. ಆ ಕಡೆಯವರು ತಲೆ ಹೊರಗೆ ಹಾಕುವುದೇ ತಡ, ಪಚಕ್! ಅವರು ಒರೆಸಿಕೊಂಡು ಏಳುವಷ್ಟರಲ್ಲಿ ನಾನು ಕೋಟೆ ದಾಟಿರುತ್ತೇನೆ. ಕಳೆದ ಭಾನುವಾರ ಮಧ್ಯಾಹ್ನ ನಾನು ಕಿರುಚಿದ್ದಕ್ಕೆ ಮೇಲಿನ ಮನೆಯವರು ಏನಾಯಿತೋ ಎಂದು ಬಾಗಿಲು ಬಡಿದರು. ಈ ವಯಸ್ಸಿನಲ್ಲಿ, ತಲೆಗೂದಲಿನ ತುಂಬ ಪ್ಲಾಸ್ಟರ್ ಪುಡಿ ಇಟ್ಟುಕೊಂಡು, ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿದ್ದ ನನ್ನನ್ನು ನೋಡಿ ಏನೂ ಕೇಳದೆ ಹೊರಟುಹೋದರು.

ನಿಮ್ಮಣ್ಣನ ಗುರಿ ಹೇಗೆ ಇಷ್ಟು ಕುದುರಿತು ಅಂತ ಕೇಳಬೇಡ. ಅಭ್ಯಾಸ ಅನ್ನುತ್ತಾರೆ. ಇರಬಹುದು. ಈಗ ಅವರು ತಮ್ಮ ಮೇಜನ್ನು ತಿರುಗಿಸಿ, ಬೆನ್ನು ಗೋಡೆಗೆ ಹಾಕಿಕೊಂಡು ಕೂರುತ್ತಾರೆ. ಕಿಟಕಿಯ ಬೆಳಕು ಪರದೆಗೆ ಹೊಡೆಯುತ್ತದಂತೆ.

ನಿನ್ನ ಮಾತನ್ನು ಕಾಗದ ಬಂದ ದಿನವೇ ತಿಳಿಸಿದ್ದೆ, ಮೇಲಿನ ದರ್ಜೆಯದ್ದು. "ಏಪ್ರಿಲ್ ಒಳಗಾ?" ಎಂದಷ್ಟೇ ಕೇಳಿದರು. ಆಮೇಲೆ ಅವರಿಗೂ ಕಾರಿಗೂ ಮಾತುಕತೆ, ನನಗೂ ಪಾತ್ರೆಗೂ ಮಾತುಕತೆ.

ಮುಂದಿನ ಆಟ ಸೆಮಿಫೈನಲ್. ಎದುರಿಗೆ ಗೂಬೆಯ ತಂಡ. ಹೌದು, ಅದೇ ಗೂಬೆ, ಕತ್ತಲು ಮೂಲೆಯಲ್ಲಿ ಮಿಸುಕದೆ ಕೂತಿದ್ದು ನಿನಗೇ ಕೆಸರು ಮೆತ್ತಿದ ಮಹಾನುಭಾವ!

ನಿನ್ನ ಅತ್ತಿಗೆ,
ದವಡೆ


ಮಾರ್ಚ್ 6
ಬೆಟ್ಟ

ಅತ್ತಿಗೇ! ಅತ್ತಿಗೇ!

ಇಲ್ಲಿ ಊಟದ ಕೋಣೆಯಲ್ಲಿ ನಿಮ್ಮ ಕಾಗದವನ್ನು ಜೋರಾಗಿ ಓದಿದೆ. ಆಟದ ತಲೆಬುಡ ಗೊತ್ತಿಲ್ಲದ ಪಂಡಿತರೆಲ್ಲ ಮೇಜು ಕುಟ್ಟಿದರು. ಅಡುಗೆಯವರು ಬಟಾಣಿ ಕಾಳಿನಲ್ಲಿ ಕೋಟೆ ಕಟ್ಟಿ, "ನಿಮ್ಮಣ್ಣ ಎಲ್ಲಿ ನಿಂತಿದ್ರು, ತೋರ್ಸಿ" ಎಂದು ಪಟ್ಟು ಹಿಡಿದರು. ಈಗ ಇಲ್ಲಿ ಎಲ್ಲರೂ ನಿಧಾನನ ಅಭಿಮಾನಿಗಳು.

ನಮ್ಮಣ್ಣ! ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ಅವನ ಸರದಿ ಬಂದರೆ ನಾವೆಲ್ಲ ಬಚ್ಚಿಟ್ಟುಕೊಂಡು ಬೇಸತ್ತುಹೋಗುತ್ತಿದ್ದೆವು. ಅಷ್ಟು ನಿಧಾನವಾಗಿ ಎಣಿಸುತ್ತಿದ್ದ. ಬೆರಳಸಂದಿಯಲ್ಲಿ ಇಣುಕುವುದು ಗೊತ್ತೇ ಇರಲಿಲ್ಲ ಆ ಪ್ರಾಣಿಗೆ. ಅಂಥವನು ಈಗ ಕೋಟೆಗಳನ್ನು ಗೆಲ್ಲುತ್ತಿದ್ದಾನೆಂದರೆ ಹೆಮ್ಮೆಯಿಂದ ಎದೆ ಉಬ್ಬದೆ ಇರುತ್ತದೆಯೇ?

ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. "ಅಭ್ಯಾಸ ಅನ್ನುತ್ತಾರೆ. ಇರಬಹುದು" ಎಂದು ಬರೆದಿದ್ದೀರಲ್ಲ, ಅಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿನ ವಾಸನೆ ಬಂತು. ಇಷ್ಟು ದಿನ ಮನೆಯಲ್ಲಿ ಗುರಿಗಾರ್ತಿ ಅಂದರೆ ನೀವೇ. ಈಗ ಗಂಡ ಮುಂದೆ ಹೋದದ್ದು ಸ್ವಲ್ಪ ಚುರುಕ್ ಅಂದಿರಬೇಕು. ಒಪ್ಪಿಕೊಂಡುಬಿಡಿ, ನಾನು ಯಾರಿಗೂ ಹೇಳುವುದಿಲ್ಲ!

ಮೇಲಿನ ದರ್ಜೆ ಬಂದರೆ ಮೂವರೂ ಹೊಸ ಅಂಗಿ ಹೊಲಿಸೋಣ. ನನ್ನ ಜಾಗದ ಧೂಳು ಒರೆಸಿಡಿ.

ಕಿಡಿ


ಮಾರ್ಚ್ 18
ಮನೆ

ಕಿಡಿ,

ಇದನ್ನು ಊಟದ ಕೋಣೆಯಲ್ಲಿ ಓದಬೇಡ. ಒಬ್ಬಳೇ ಜನರೇಟರ್ ಕೋಣೆಗೆ ಹೋಗು.

ಇನ್ನೂ ಒಂದು ಎಚ್ಚರಿಕೆ. ಆಟದ ನಿಯಮ ನಿನಗೆ ಗೊತ್ತೇ ಇದೆ. ತಂಡದಲ್ಲಿ ಒಬ್ಬರು ಮೋಸ ಮಾಡಿದರೆ ಅವರೊಬ್ಬರು ಹೊರಗೆ. ಉಳಿದವರಿಗೂ ಅದು ಗೊತ್ತಿತ್ತು ಎಂದಾದರೆ ಇಡೀ ತಂಡವೇ ಹೊರಗೆ, ತಂಡದ ಹೆಸರೂ ಅಳಿಸಿಹೋಗುತ್ತದೆ. ಮುಂದೆ ಓದಿದರೆ ನಿನಗೂ ಗೊತ್ತಾಗಿಬಿಡುತ್ತದೆ. ಬೇಡವೆಂದರೆ ಇಲ್ಲಿಗೇ ಮಡಚಿಡು. ನನಗೆ ನಿನ್ನನ್ನು ಬಿಟ್ಟು ಹೇಳಿಕೊಳ್ಳಲು ಬೇರೆ ಯಾರಿದ್ದಾರೆ ಹೇಳು?

ಮಡಚಿಡಲಿಲ್ಲ ತಾನೆ? ನನಗೆ ಗೊತ್ತಿತ್ತು.

ಸೆಮಿಫೈನಲ್ ಗೆದ್ದೆವು. ಆಟ ಮುಗಿದ ಮೇಲೆ ಖುಷಿಯಲ್ಲಿ ಎದ್ದು ಅವರಿಗೆ ನೀರು ಕೊಡಲು ಹೋದೆ. ಅವರು ಇನ್ನೂ ಪರದೆ ನೋಡುತ್ತಿದ್ದರು. ಅವರ ಕನ್ನಡಕದಲ್ಲಿ ಪರದೆ ಕಂಡಿತು. ನನ್ನ ಕೆಲಸವೇ ದಿನವಿಡೀ ಹಲ್ಲಿನ ಹೊಳಪಿನಲ್ಲಿ ಬೆಳಕು ಹೇಗೆ ಬೀಳುತ್ತದೆಂದು ನೋಡುವುದು, ಕಣ್ಣು ತಾನಾಗಿಯೇ ಹೋಯಿತು. ಕೋಟೆ ಇತ್ತು, ಗೋಡೆ ಇರಲಿಲ್ಲ. ಕಲ್ಲುಗೋಡೆಗಳೆಲ್ಲ ಗಾಜಿನ ಹಾಗೆ. ಆಚೆ ಬದಿಯಲ್ಲಿ ಗೂಬೆಯ ತಂಡದವರು ಒಬ್ಬೊಬ್ಬರೂ ಹಳದಿ ಬಣ್ಣದಲ್ಲಿ ಮಿನುಗುತ್ತಿದ್ದರು.

ಗೋಡೆಯಾಚೆ ಕಾಣಿಸುವ ತಂತ್ರಾಂಶ ಹಾಕಿಕೊಂಡಿದ್ದಾರೆ, ಕಿಡಿ. ನಿಮ್ಮಣ್ಣ. ಖಾಲಿ ರಸ್ತೆಯಲ್ಲೂ ಕೈ ತೋರಿಸದೆ ತಿರುಗದ ಮನುಷ್ಯ!

ನಾನು ಏನೂ ಕೇಳಲಿಲ್ಲ. ನೀರಿನ ಲೋಟ ಇಟ್ಟು ಬಂದೆ. ಕೇಳಿದ್ದರೆ ಮುಗಿದುಹೋಗುತ್ತಿತ್ತೇನೋ. ಆದರೆ ಆ ಕ್ಷಣಕ್ಕೆ ನನಗೆ ಗೆಲುವಿನ ಮೇಲೆ ಎಷ್ಟು ಆಸೆಯಿತ್ತೆಂದರೆ, ಕಂಡದ್ದನ್ನು ಕಂಡಿಲ್ಲ ಅಂದುಕೊಂಡು ಒಂದು ದಿನ ತಳ್ಳಿದೆ. ಆಮೇಲೆ ಇನ್ನೊಂದು ದಿನ.

ಅಷ್ಟರಲ್ಲಿ ಗೂಬೆಯಿಂದ ನಿಮ್ಮಣ್ಣನಿಗೆ ಒಂದು ಸಂದೇಶ ಬಂತು. ಈ ಗೂಬೆಯವರು ಲಿಫ್ಟ್ ರಿಪೇರಿ ಮಾಡುವವರಂತೆ. "ನಿಧಾನ ಅವರೇ, ನೀವು ಗೆದ್ದ ಆಟದ ರೆಕಾರ್ಡಿಂಗ್ ಮತ್ತೆ ಮತ್ತೆ ನೋಡ್ತಾ ಇದೀನಿ. ನಾನು ಆ ಗೋಡೆ ಹಿಂದೆ ಇರೋದು ನಿಮಗೆ ಹೇಗೆ ಗೊತ್ತಾಯ್ತು? ನನ್ನ ಹೆಜ್ಜೆ ಸಪ್ಪಳ ಆಯ್ತು ಅಂತ ಕಾಣುತ್ತೆ. ಈಗ ಮೆತ್ತಗೆ ನಡೆಯೋದು ಕಲೀತಾ ಇದೀನಿ. ನಮ್ಮನೇಲಿ ನಗ್ತಾರೆ. ಬಿಡುವಾದಾಗ ನನಗೂ ಸ್ವಲ್ಪ ಹೇಳಿಕೊಡಿ."

ನಿಮ್ಮಣ್ಣ ಅದನ್ನು ನನಗೆ ಓದಿ ಹೇಳಿದರು. ಓದಿ ಮುಗಿಸಿ, "ಒಳ್ಳೆ ಮನುಷ್ಯ" ಅಂದರು. ಊಟಕ್ಕೆ ಕೂತವರು ಎದ್ದುಹೋಗಿ ಕಾರು ತೊಳೆದರು. ಅದಕ್ಕೆ ಮೊನ್ನೆಯಷ್ಟೇ ಸ್ನಾನವಾಗಿತ್ತು.

ನನಗೆ ತಡೆಯಲಾರದ ಹೊಟ್ಟೆಸಂಕಟವೆಂದರೆ ಇದೇ. ನಾವು ಗೆದ್ದದ್ದು ಹಾಳಾಗಿ ಹೋಗಲಿ. ಎಲ್ಲೋ ಒಬ್ಬ ಮನುಷ್ಯ, ತನ್ನದಲ್ಲದ ತಪ್ಪನ್ನು ತನ್ನದೆಂದುಕೊಂಡು, ತನ್ನ ಮನೆಯಲ್ಲಿ ತಾನೇ ಕಳ್ಳನ ಹಾಗೆ ನಡೆಯುತ್ತಿದ್ದಾನೆ.

ಮಾರ್ಚ್ ಮೂವತ್ತರ ಭಾನುವಾರ ಫೈನಲ್. ಗೆದ್ದರೆ ಮೇಲಿನ ದರ್ಜೆ. ಮೈಗೆ ಹುಷಾರಿಲ್ಲವೆಂದು ಫೈನಲ್ ಬಿಟ್ಟುಕೊಡಲೇ? ಆಟ ನಡೆಸುವವರಿಗೆ ಹೇಳಿಬಿಡಲೇ? ಬಾಯಿಗೆ ಬೀಗ ಹಾಕಿಕೊಂಡು ಆಡಲೇ? ತಂಡ ಕಟ್ಟಿದವಳು ನೀನು, ನೀನು ಹೇಳಿದ ಹಾಗೆ ಮಾಡುತ್ತೇನೆ. ಕಾಗದ ತಲುಪುವಷ್ಟರಲ್ಲಿ ಹೊತ್ತು ಮೀರುತ್ತದೆ. ರೇಡಿಯೋದಲ್ಲಿ ಹೇಳು.

ನಿನ್ನ ಅತ್ತಿಗೆ

ಹೊಟ್ಟೆಕಿಚ್ಚು ಅಂದೆಯಲ್ಲ, ಅದಕ್ಕೆ ನೀನು ಬಂದಾಗ ಕಿವಿ ಹಿಂಡುತ್ತೇನೆ.


ಮಾರ್ಚ್ 27
ಬೆಟ್ಟದ ಕೇಂದ್ರದಿಂದ ರೇಡಿಯೋ ಮೂಲಕ, ಕೆಳಗಿನ ಕಚೇರಿಯಿಂದ ಫೋನಿನಲ್ಲಿ ಓದಿದ್ದು

ಅತ್ತಿಗೆಗೆ: ಬಿಟ್ಟುಕೊಡಬೇಡ.


ಮಾರ್ಚ್ 27
ಮನೆ

ಕಿಡಿ,

ಈಗಷ್ಟೇ ಫೋನು ಬಂತು. ನಾನು ಲ್ಯಾಬಿನಿಂದ ಇನ್ನೂ ಬಂದಿರಲಿಲ್ಲ, ತೆಗೆದುಕೊಂಡದ್ದು ನಿಮ್ಮಣ್ಣ. ನಾನು ಚಪ್ಪಲಿ ಬಿಡುವ ಮೊದಲೇ, "ತಂಗಿ ನಿನಗೆ ಹೇಳಿ ಕಳಿಸಿದಾಳೆ. ಬಿಟ್ಟುಕೊಡಬೇಡ ಅಂತೆ" ಅಂದರು. ಅಂದು ನನ್ನ ಮುಖವನ್ನೇ ನೋಡುತ್ತ ನಿಂತರು.

ಬಿಟ್ಟುಕೊಡಬೇಡ! ಫೈನಲ್ ಆಡಿ ಗೆಲ್ಲು ಅಂತ ತಾನೆ? ಕಾಲುಜಾರಿದ್ದು ನಿಮ್ಮಣ್ಣ ಒಬ್ಬರೇ ಎಂದುಕೊಂಡಿದ್ದೆ. ಅವರು ಆಸೆಗೆ ಬಿದ್ದರು, ಸರಿ. ನೀನು ಅಷ್ಟು ದೂರ ಕೂತು, ಎಲ್ಲ ಓದಿ, ಆ ಗೂಬೆಯ ಮಾತನ್ನೂ ಓದಿ, ಕಡೆಗೆ ಹೇಳಿದ್ದು ಇದೇನಾ? ಮೇಲಿನ ದರ್ಜೆ ನಿನಗೆ ಅಷ್ಟು ಹೆಚ್ಚಾಯಿತಾ?

ಹೇಳಿದ ಹಾಗೆ ಮಾಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಯಾಕಾದರೂ ಕೊಟ್ಟೆನೋ. ಕೋಪ ಆರುವ ಮೊದಲೇ ಇದನ್ನು ಅಂಚೆಗೆ ಹಾಕುತ್ತೇನೆ, ಆರಿದ ಮೇಲೆ ಹಾಕಲಾರೆ.

ಅತ್ತಿಗೆ


ಮಾರ್ಚ್ 27
ಬೆಟ್ಟ, ಜನರೇಟರ್ ಕೋಣೆ

ಅತ್ತಿಗೆ,

ಸಂದೇಶ ತಲುಪಿತೆಂದು ಕಚೇರಿಯವರು ಹೇಳಿದರು. ಲಾರಿ ಹೊರಡಲು ಇನ್ನೂ ಸ್ವಲ್ಪ ಹೊತ್ತಿದೆ, ಉಳಿದದ್ದನ್ನು ಬರೆಯುತ್ತೇನೆ.

ನಿಮ್ಮ ಕಾಗದ ಓದಿ ಕೈಗೆ ಸಿಕ್ಕ ಸ್ಪ್ಯಾನರನ್ನು ಗೋಡೆಗೆ ಎಸೆದೆ. ಅಣ್ಣ ಎದುರಿಗಿದ್ದಿದ್ದರೆ ಏನೆನ್ನುತ್ತಿದ್ದೆನೋ. ಅವನು ಹಾಗೆ ಗೆದ್ದ ಆಟಗಳನ್ನು ನಾನು ಇಲ್ಲಿ ಊಟದ ಮೇಜಿನ ಮೇಲೆ ಕಾಳು ಜೋಡಿಸಿ ಆಡಿ ತೋರಿಸಿದ್ದೇನೆ! ಅಡುಗೆಯವರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?

ಆಮೇಲೆ ರೇಡಿಯೋ ಮುಂದೆ ನಿಂತೆ. ಅಣ್ಣನನ್ನು ಬಿಟ್ಟುಕೊಡಬೇಡಿ ಎಂದು ಹೇಳಬೇಕಿತ್ತು. ಹಿಂದೆ ಎಲ್ಲರೂ ಕಿವಿ ನಿಮಿರಿಸಿಕೊಂಡು ಕೂತಿದ್ದರು. 'ಅಣ್ಣ' ಎಂದರೆ ನಿಧಾನನಿಗೆ ಏನಾಯಿತು ಎಂದು ಮುತ್ತಿಕೊಳ್ಳುತ್ತಾರೆ. ಹಾಗಾಗಿ ಆ ಪದ ನುಂಗಿಕೊಂಡೆ, 'ನೀವು' ಅನ್ನುವುದೂ ಅವಸರದಲ್ಲಿ ಹಾರಿಹೋಯಿತು, ಕ್ಷಮಿಸಿ. ನಿಮಗೆ ಅರ್ಥವಾಗುತ್ತದೆಂದು ಗೊತ್ತು, ನಮ್ಮಿಬ್ಬರ ನಡುವೆ ಪೂರ್ತಿ ವಾಕ್ಯ ಯಾವತ್ತು ಬೇಕಾಗಿತ್ತು?

ಸತ್ಯ ಹೇಳಲೇಬೇಕು. ಆದರೆ ಅವನನ್ನು ಒಬ್ಬನನ್ನೇ ಮುಂದೆ ತಳ್ಳಿ ನೀವು ಹಿಂದೆ ಸರಿಯಬೇಡಿ. ಕೈ ಹಿಡಿದುಕೊಂಡು ಹೋಗಿ ಹೇಳಿಸಿ. ನನ್ನ ಹೆಸರು, ತಂಡದ ಹೆಸರು, ಎಲ್ಲ ಹೋದರೆ ಹೋಗಲಿ.

ಯಾಕೆ ಮಾಡಿದ ಅವನು? ಅಷ್ಟು ಗೆಲ್ಲುವ ಹುಚ್ಚು ಯಾವಾಗ ಹತ್ತಿತು? ಇನ್ನೊಂದು ವರ್ಷ ಇರುತ್ತೇನೆಂದು ಮುಖ್ಯಸ್ಥರಿಗೆ ಹೇಳಿಬಿಡೋಣ ಅನ್ನಿಸುತ್ತಿದೆ. ಬಂದರೆ ಅವನು ನನ್ನ ಮುಖ ನೋಡಲಾರ, ನಾನು ಅವನ ಮುಖ ನೋಡಲಾರೆ. ಈ ಜನರೇಟರಿನ ಜೊತೆ ಮುನಿಸಿಕೊಂಡು ಇರುವುದೇ ವಾಸಿ.

ಕಿಡಿ


ಏಪ್ರಿಲ್ 1
ಮನೆ

ಕಿಡಿ, ನನ್ನ ಬಂಗಾರ,

ನಾನು ಬೈದು ಬರೆದ ಕಾಗದ ಕೈಗೆ ಸಿಕ್ಕಿದರೆ ಒಲೆಗೆ ಹಾಕು. ಓದಿಯಾಗಿದ್ದರೆ ಮರೆತುಬಿಡು. ಮರೆಯಲು ಆಗದಿದ್ದರೆ ಬಂದು ನೀನೂ ನನ್ನ ಕಿವಿ ಹಿಂಡು, ಲೆಕ್ಕ ಚುಕ್ತಾ ಆಗುತ್ತದೆ.

ಭಾನುವಾರದ ಕಥೆ ಕೇಳು. ಎದುರಿಗೆ ಮೂವರು ಅಕ್ಕತಂಗಿಯರ ತಂಡ. ಫೈನಲ್ ಎಂದು ಎಲ್ಲೆಲ್ಲಿಂದಲೋ ಜನ ಆನ್‌ಲೈನಿನಲ್ಲಿ ನೋಡಲು ಸೇರಿದ್ದರು, ಗೂಬೆಯೂ ಇದ್ದರು. ಆಟ ನಡೆಸುವ ಮೇಡಮ್ಮು ಎರಡೂ ತಂಡದವರು ಒಂದೊಂದು ಮಾತಾಡಿ ಎಂದರು. ನಾನು ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ನಿಮ್ಮಣ್ಣ ಗಂಟಲು ಸರಿಮಾಡಿಕೊಂಡರು.

"ಒಂದ್ನಿಮಿಷ. ನಾನು ಗಾಡಿ ಪಕ್ಕಕ್ಕೆ ಹಾಕ್ಬೇಕು" ಅಂದರು.

ಎಲ್ಲರೂ ನಕ್ಕರು, ತಮಾಷೆ ಎಂದುಕೊಂಡು.

"ನಾನು ಗೋಡೆಯಾಚೆ ನೋಡ್ಕೊಂಡು ಆಡಿದೀನಿ. ಸೆಮಿಫೈನಲ್ಲೂ ಹಾಗೇ ಗೆದ್ದಿದ್ದು, ಅದರ ಹಿಂದಿನವೂ ಹಾಗೇ. ಅದಕ್ಕೊಂದು ತಂತ್ರಾಂಶ ಹಾಕ್ಕೊಂಡಿದ್ದೆ, ಈಗ ತೆಗೆದಿದೀನಿ. ಗೂಬೆ ಅವರೇ, ನಿಮ್ಮ ಹೆಜ್ಜೆ ಸಪ್ಪಳ ಆಗಿರ್ಲಿಲ್ಲ. ನೀವು ಚೆನ್ನಾಗೇ ಆಡಿದ್ರಿ. ತಪ್ಪು ನಂದು. ನನ್ನ ಹೆಂಡತಿಗೆ, ನನ್ನ ತಂಗಿಗೆ ಇದರ ಗಾಳಿಗಂಧ ಇಲ್ಲ."

ಮೇಡಮ್ಮು ನಿಧಾನವಾಗಿ, "ಹಾಗಾದ್ರೆ ನಿಧಾನ ಅವರು ಹೊರಗೆ. ಉಳಿದಿಬ್ಬರಿಗೆ ಗೊತ್ತಿರ್ಲಿಲ್ಲ ಅಂದ್ರೆ ತಂಡದ ಹೆಸರು, ನಾಯಕಿಯ ಜಾಗ ಎರಡೂ ಉಳಿಯುತ್ತೆ. ದವಡೆ ಅವರೇ, ನಿಮಗೆ ಗೊತ್ತಿತ್ತಾ?" ಎಂದು ಕೇಳಿದರು.

ನಿಮ್ಮಣ್ಣ ತಮ್ಮ ಪರದೆಯ ಆಚೆಯಿಂದ ಇಣುಕಿ ನನ್ನನ್ನೇ ನೋಡುತ್ತಿದ್ದರು. ಇಲ್ಲ ಅನ್ನು, ಇಲ್ಲ ಅನ್ನು ಎಂದು ತುಟಿಯಲ್ಲೇ ಹೇಳುತ್ತಿದ್ದರು. ಕಿಡಿ, ನಿನ್ನ ಜಾಗ ಕಣ್ಣಮುಂದೆ ಬಂತು, ಸುಳ್ಳು ಹೇಳುವುದಿಲ್ಲ. ಒಂದೇ ಒಂದು 'ಇಲ್ಲ' ಅಂದರೆ ಉಳಿಯುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಹೋಗಿ ಅವರ ಪಕ್ಕದಲ್ಲಿ ಕೂತು, ಅವರ ಮೈಕಿನಲ್ಲೇ ಹೇಳಿದೆ.

"ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ. ನಾದಿನಿಗೂ ನಾನೇ ಬರೆದು ತಿಳಿಸ್ದೆ. ನಾವು ಮೂವರೂ ಒಂದೇ ತಂಡ."

ನಿಮ್ಮಣ್ಣ ಹಣೆ ಚಚ್ಚಿಕೊಂಡರು. ಆಮೇಲೆ ನನ್ನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ಅಷ್ಟು ಜನ ಕೇಳುತ್ತಿದ್ದಾರೆಂಬ ಪರಿವೆಯೂ ಇಲ್ಲದೆ, "ರೀ, ಬಿಡ್ರಿ, ಕೈ ನೋಯ್ತಿದೆ" ಎಂದು ನಾನು ಅಂದದ್ದು ಕೂಡ ಎಲ್ಲರಿಗೂ ಕೇಳಿಸಿತಂತೆ.

ಮೊದಲು ಸದ್ದು ಮಾಡಿದ್ದು ಗೂಬೆ. ಏನು ನಗು ಅಂತೀಯ! "ಅಯ್ಯೋ, ನಾನು ಆಫೀಸಲ್ಲೂ ತುದಿಗಾಲಲ್ಲಿ ಓಡಾಡ್ತಿದೀನಲ್ರೀ! ನಮ್ಮ ಮೇಲಿನವರು ಕಾಲಿಗೆ ಏನಾಯ್ತು ಅಂತ ರಜಾ ಕೊಟ್ಟಿದ್ದಾರೆ!" ಎಲ್ಲರೂ ಬಿದ್ದು ಬಿದ್ದು ನಗುವಾಗ ತಟ್ಟನೆ ದನಿ ಬದಲಾಯಿಸಿ, "ನಗ್ತಿದೀನಿ ಅಂತ ಕೋಪ ಇಲ್ಲ ಅಂದ್ಕೋಬೇಡಿ. ಬಹಳ ಕೋಪ ಇದೆ. ನನ್ನ ಆಟದ ಮೇಲೇ ನನಗೆ ನಂಬಿಕೆ ಹೋಗಿತ್ತು" ಅಂದರು. ನಿಮ್ಮಣ್ಣ, "ಕೋಪ ಮಾಡ್ಕೊಳ್ಳಿ. ಎಷ್ಟು ದಿನ ಬೇಕಾದ್ರೂ ಮಾಡ್ಕೊಳ್ಳಿ" ಎಂದರು.

ನಮ್ಮ ತಂಡದ ಹೆಸರು ಅಳಿಸಿದರು. ನಮ್ಮ ಬದಲಿಗೆ ಫೈನಲ್ ಆಡಿದ್ದು ಗೂಬೆಯ ತಂಡ. ಅಕ್ಕತಂಗಿಯರ ಎದುರು ಕೂದಲೆಳೆಯಲ್ಲಿ ಸೋತರು. ಅಷ್ಟು ಗದ್ದಲ ಮಾಡಿಕೊಂಡು, ಅಷ್ಟು ಖುಷಿಯಾಗಿ ಸೋತವರನ್ನು ನಾನು ಕಂಡಿಲ್ಲ. ನಾವಿಬ್ಬರೂ ಒಂದೇ ಕುರ್ಚಿಗೆ ಅಂಟಿಕೊಂಡು ಕೂತು ನೋಡಿದೆವು. ಇಷ್ಟು ದಿನ ಗೆದ್ದಾಗಲೂ ಇಂಥ ಹಗುರ ಅನ್ನಿಸಿರಲಿಲ್ಲ.

ಆಮೇಲೆ ಕೇಳಿದೆ, ಯಾಕ್ರೀ ಇವತ್ತೇ ಹೇಳಿದ್ದು ಎಂದು. "ತಂಗಿ 'ಬಿಟ್ಟುಕೊಡಬೇಡ' ಅಂದ್ಲಲ್ಲ. ನನ್ನನ್ನ ಬಿಟ್ಟುಕೊಡಬೇಡ ಅಂತ ನಿನಗೆ ಹೇಳಿದಾಳೆ ಅಂತ ಕೇಳಿದ ತಕ್ಷಣ ಗೊತ್ತಾಯ್ತು. ಅಂದ್ರೆ ಇಬ್ಬರಿಗೂ ವಿಷಯ ಗೊತ್ತು. ಗೊತ್ತಿದ್ದೂ ನನ್ನನ್ನ ಕಾಯ್ತಾ ಇದೀರಿ. ಆಮೇಲೆ ಸುಮ್ನಿರೋದು ಹೇಗೆ?" ಅಂದರು. ನೋಡು, ನಾನು ಫೈನಲ್ ಎಂದುಕೊಂಡು ನಿನಗೆ ಬೈದೆ. ನಿನ್ನ ಮಾತು ಸರಿಯಾಗಿ ಮುಟ್ಟಿದ್ದು ತಪ್ಪು ಮಾಡಿದವರಿಗೆ ಮಾತ್ರ.

ಯಾಕೆ ಮಾಡಿದಿರಿ ಎಂದು ಕೇಳಿದ್ದಕ್ಕೆ, ಅದನ್ನು ತಾವೇ ಬರೆಯುವುದಾಗಿ ಹೇಳಿ ಪೆನ್ನು ಕಿತ್ತುಕೊಳ್ಳುತ್ತಿದ್ದಾರೆ. ತಗೊಳ್ಳಿ, ಬರೀರಿ.

ತಂಗೀ, ನನಗೆ ಕಾಗದ ಬರೆದು ರೂಢಿಯಿಲ್ಲ. ಮೇಲಿನ ದರ್ಜೆಗೆ ಹತ್ತಿದರೆ ಬರುತ್ತೇನೆ, ಇಲ್ಲದಿದ್ದರೆ ಇನ್ನೊಂದು ವರ್ಷ ಅಲ್ಲೇ ಎಂದು ನೀನು ಹೇಳಿದ್ದೆ. ಇಬ್ಬರೇ ಆಡಿ ಹತ್ತುವುದು ಆಗದ ಮಾತು. ನೀನು ಬರಬೇಕಿತ್ತು, ಅದಕ್ಕೆ ಮಾಡಿದೆ. ಈಗ ದರ್ಜೆಯೂ ಇಲ್ಲ, ನಿನ್ನ ಜಾಗವೂ ಹೋಯಿತು. ಆದರೂ ಬಾ. ನಿನ್ನ ಅಣ್ಣ.


ಏಪ್ರಿಲ್ 14
ಬೆಟ್ಟ

ಅಣ್ಣಾ,

ಈ ಸಲ ನಿನಗೇ ಬರೆಯುತ್ತಿದ್ದೇನೆ. ಅತ್ತಿಗೆಗೆ ಓದಿ ಹೇಳು. ಅವರು ಬೈದ ಕಾಗದವೂ ಮುದ್ದು ಮಾಡಿದ ಕಾಗದವೂ ಒಂದೇ ಲಾರಿಯಲ್ಲಿ ಬಂದವು. ಮೊದಲು ಒಡೆದದ್ದು ಬೈದದ್ದನ್ನು. ಇನ್ನೊಂದನ್ನು ಒಡೆಯಲು ಧೈರ್ಯ ಬರದೆ ಜನರೇಟರಿನ ಸುತ್ತ ಸುತ್ತಿದೆ.

ಆಮೇಲೆ ಎರಡನೆಯದನ್ನು ಓದಿದೆ. ಓದುತ್ತ ಅತ್ತೆ, ನಕ್ಕೆ, ಮತ್ತೆ ಅತ್ತೆ. ಏನಾಯಿತೋ ಎಂದು ಅಡುಗೆಯವರು ಸೌಟು ಹಿಡಿದುಕೊಂಡೇ ಓಡಿ ಬಂದರು. ಅವರಿಗೆ ಎಲ್ಲ ಹೇಳಿಬಿಟ್ಟೆ, ನಿನ್ನ ಗೆಲುವುಗಳ ಗುಟ್ಟನ್ನೂ ಸೇರಿಸಿ. ಅವರು ಸೌಟು ಕೆಳಗಿಟ್ಟು, "ಅಲ್ಲಮ್ಮಾ, ಅಷ್ಟು ಜನರ ಎದುರು ಹೇಳೋದು ಗೋಡೆ ಹಾರೋದಕ್ಕಿಂತ ಕಷ್ಟ" ಅಂದರು. ಊಟದ ಕೋಣೆಯಲ್ಲಿ ನಿನಗೆ ಈಗಲೂ ಅಭಿಮಾನಿಗಳಿದ್ದಾರೆ. ಸ್ವಲ್ಪ ಕಡಿಮೆಯಾಗಿದ್ದಾರೆ ಅಷ್ಟೇ.

ನನ್ನ ಕೋಪ ಹೋಗಿಲ್ಲ. ಗೂಬೆಯವರ ಕೋಪದ ಪಕ್ಕದಲ್ಲಿ ನನ್ನದನ್ನೂ ಇಟ್ಟುಕೋ. ಆದರೆ ಒಂದು ಮಾತು ಕೇಳುತ್ತೇನೆ. ಅಷ್ಟು ಗೋಡೆಗಳ ಆಚೆ ಏನಿದೆಯೆಂದು ಕಂಡಿತು ನಿನಗೆ. ನಾನು ಬರೆದದ್ದು ತಮಾಷೆ ಎಂದು ಕಾಣಲಿಲ್ಲವೇನೋ? ದರ್ಜೆ ನೋಡಿಕೊಂಡು ಮನೆಗೆ ಬರುವವಳೇ ನಾನು? ಚಿಕ್ಕಂದಿನಲ್ಲೂ ಹೀಗೇ. 'ನೀನು ಕರೆಯೋತನಕ ಹೊರಗೆ ಬರಲ್ಲ' ಎಂದು ನಾನು ಅಟ್ಟ ಹತ್ತಿ ಕೂತರೆ, ಹುಡುಗಾಟ ಎಂದು ಎಲ್ಲರೂ ಆಟಕ್ಕೆ ಹೋಗುತ್ತಿದ್ದರು. ನೀನೊಬ್ಬ ಕೆಳಗೆ ನಿಂತು ಕರೆಯುತ್ತಿದ್ದೆ.

ಮುಖ್ಯಸ್ಥರಿಗೆ ಆಗುವುದಿಲ್ಲ ಎಂದು ಹೇಳಿಯಾಯಿತು. ಜನರೇಟರಿನ ಕಿವಿಯಲ್ಲೂ ಹೇಳಿದ್ದೇನೆ, ಅದು ಎಂದಿನಂತೆ ಮುನಿಸಿಕೊಂಡಿದೆ. ಈ ಕಾಗದದ ನಂತರದ ಲಾರಿಯಲ್ಲಿ ನಾನೇ ಇಳಿಯುತ್ತೇನೆ. ಬಸ್ ನಿಲ್ದಾಣಕ್ಕೆ ಇಬ್ಬರೂ ಬನ್ನಿ, ಕಾರು ಅತ್ತಿಗೆ ಓಡಿಸಲಿ, ಇಲ್ಲದಿದ್ದರೆ ಮನೆ ಸೇರುವಷ್ಟರಲ್ಲಿ ಹೊತ್ತು ಮುಳುಗುತ್ತದೆ.

ಎಲ್ಲ ಆಟ ಸೋತಿದ್ದರೂ ಬರುತ್ತಿದ್ದೆ ಕಣೋ. ಬಾ ಅಂತ ಒಂದು ಮಾತು ಬರೆದಿದ್ದರೆ ಸಾಕಿತ್ತು.

ನಿನ್ನ ತಂಗಿ